ಅರ್ಥ ಇಲ್ಲದ ಜೀಪು

ಚಿತ್ತಾಪುರದ ಕೋರ್ಟಿನ ಎದುರು ‘ಅಮೀರ್ ಅಲಿ ಆಟೋ ಎಲೆಕ್ಟ್ರಿಕ್’ ಎಂಬ ಅಂಗಡಿಯಿದೆ. ಹೆಸರು ಅಪ್ಪನದು, ಕೆಲಸ ಮಗಳು ಗುಲ್ಶನ್‌ಳದು. ಕಣ್ಣಿಗೆ ಪೊರೆ ಬಂದು ಕೆಂಪು ವೈರು ಕಪ್ಪಾಗಿ ಕಾಣತೊಡಗಿ ಆರು ವರ್ಷವಾದರೂ ಅಮೀರ್ ಅಲಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದ ಗಿರಾಕಿಗೆಲ್ಲ "ನಾ ನೋಡ್ತೀನ್ರಿ" ಅನ್ನುತ್ತಾರೆ. ಏನು ನೋಡುತ್ತಾರೋ ದೇವರಿಗೇ ಗೊತ್ತು. ಬಾನೆಟ್ಟಿನೊಳಗೆ ತಲೆ ತೂರಿಸಿ ಕೈ ಸುಟ್ಟುಕೊಳ್ಳುವವಳು ಗುಲ್ಶನ್. ಆದರೂ ಊರಿಗೆ ಆಕೆ ಬರೀ ‘ಮಿಸ್ತ್ರಿ ಮಗಳು’. ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಇದನ್ನು ನೋಡುವ ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ಬೇಸಿಗೆಯಲ್ಲಿ ಅಮೃತಪ್ಪ ಶರಣರ ಜೀಪು ಬಂತು. ಅವರು ಊರೂರಿಗೆ ಹೋಗಿ ವಚನಗಳ ಅರ್ಥ ಬಿಡಿಸಿ ಹೇಳುವವರು. ಒಂದು ವಚನಕ್ಕೆ ಎರಡು ತಾಸು. ಕೇಳುವವರು ನಿದ್ದೆ ಮುಗಿಸಿ ಎದ್ದರೂ ಅರ್ಥ ಮುಗಿದಿರುವುದಿಲ್ಲ. ಬಿಸಿಲಿಗೆ ಬಿರುಕುಬಿಟ್ಟಿದ್ದ ಡ್ಯಾಶ್‌ಬೋರ್ಡ್ ಕಿತ್ತು, ಜೀಪು ಓಡಿಸುವ ಅವರ ಅಳಿಯ ಚನ್ನು ಗುಜರಿಯಿಂದ ಇನ್ನೊಂದು ತಂದು ತಾನೇ ಕೂರಿಸಿದ್ದ. ಅಂದಿನಿಂದ ಹೆಡ್‌ಲೈಟ್ ಹಾಕಿದರೆ ಡೀಸೆಲ್ ಮುಳ್ಳು ಏರುತ್ತಿತ್ತು. ಬ್ರೇಕ್ ಒತ್ತಿದರೆ ಮೀಟರಿನ ದೀಪಗಳು ಮಿಣಮಿಣ ಅನ್ನುತ್ತಿದ್ದವು. ಅವತ್ತು ಸಂಜೆ ಆರಕ್ಕೆ ನಾಲವಾರದಲ್ಲಿ ಶರಣರ ಪ್ರವಚನ ಬೇರೆ ಇತ್ತು.

"ಮಿಸ್ತ್ರಿ ಎಲ್ಲದಾರವ್ವ?" ಎಂದು ಶರಣರು ಕೇಳಿದ್ದು ಟೆಸ್ಟರ್ ಹಿಡಿದು ನಿಂತಿದ್ದ ಗುಲ್ಶನ್‌ಳನ್ನೇ.

"ನಾ ನೋಡ್ತೀನ್ರಿ," ಎಂದರು ಅಮೀರ್ ಅಲಿ.

"ನೀವು ಕುಂದ್ರಿ ಅಬ್ಬಾಜಿ. ನಾ ನೋಡ್ತೀನಿ," ಎಂದಳು ಗುಲ್ಶನ್.

ಗಿರಾಕಿ ಎದುರು ಆಕೆ ಹಾಗಂದದ್ದು ಅದೇ ಮೊದಲು. ಅಪ್ಪನ ಪಿತ್ತ ನೆತ್ತಿಗೇರಿತು. "ನೋಡು ಮತ್ತ! ಆರಕ್ಕ ಶರಣರು ನಾಲವಾರದಾಗ ಇರ್ಬೇಕು. ಆಗ್ಲಿಲ್ಲಂದ್ರ ನಾಳಿಂದ ಟೆಸ್ಟರ್ ಮುಟ್ಟಬ್ಯಾಡ, ಬಲ್ಬ್ ಮಾರ್ಕೋತ ಕುಂದ್ರು."

ವಕೀಲರೊಬ್ಬರ ಕಾಗದ ನನ್ನ ಮಷಿನ್ನಿನಲ್ಲಿ ಸಿಕ್ಕಿಕೊಂಡಿತ್ತು. ಇರಲಿ ಬಿಡಿ ಎಂದು ನಾನು ಹೊರಗೆ ಬಂದು ನಿಂತೆ.

ಫ್ಯೂಸುಗಳೆಲ್ಲ ಸರಿಯಿದ್ದವು. ಒಂದು ತಾಸು ಕಳೆಯಿತು. ಕೊನೆಗೆ ಗುಲ್ಶನ್ ಟೆಸ್ಟರಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಮೀಟರಿನ ಕರಿ ವೈರಿಗೂ ಹಿಡಿದಳು. ಟೆಸ್ಟರಿನ ದೀಪ ಹತ್ತಲಿಲ್ಲ. ಆಕೆಯ ಮುಖ ಅರಳಿತು.

"ನಿಮ್ದಕ್ಕ ಅರ್ಥ ಇಲ್ರಿ ಶರಣರ."

ಶರಣರು ಕೆಂಡವಾದರು. "ಏನಂದಿ? ಮೂವತ್ತು ವರ್ಷ ಆತು ಹೇಳಾಕತ್ತು, ಅರ್ಥ ಇಲ್ಲಂತ ಒಬ್ಬ ಮಗ ಅಂದಿಲ್ಲ!"

"ನಿಮ್ಮ ಮಾತಿಗಲ್ರಿ, ಮೀಟರಿಗೆ."

ಕರೆಂಟು ವಾಪಸ್ಸು ಹೋಗಲೆಂದು ಗಾಡಿಯ ಮೈಗೆ ಬಿಗಿಯುವ ಕರಿ ವೈರಿಗೆ ನಮ್ಮ ಕಡೆಯ ಮಿಸ್ತ್ರಿಗಳು ‘ಅರ್ತ್’ ಅನ್ನಲು ಹೋಗಿ ‘ಅರ್ಥ’ ಅನ್ನುತ್ತಾರೆ. ಆ ಹಾದಿ ಇಲ್ಲದ ಕರೆಂಟು ಸಿಕ್ಕ ಸಿಕ್ಕ ಬಲ್ಬಿನಲ್ಲಿ ನುಗ್ಗುತ್ತಿತ್ತು. ಗುಲ್ಶನ್ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ಆ ವೈರಿನ ತುದಿಯನ್ನು ಎಳೆದಳು. ನೀಟಾಗಿ ಟೇಪು ಸುತ್ತಿತ್ತು.

"ಅದೊಂದು ಹೆಚ್ಚಿಗಿ ಉಳೀತ್ರಿ," ಎಂದ ಚನ್ನು.

"ಇದರ ಬೋಲ್ಟ್?"

ಚನ್ನು ಮೇಲೆ ನೋಡಿದ. ಡ್ಯಾಶ್‌ಬೋರ್ಡಿನ ಮೇಲೆ ಹಿತ್ತಾಳೆಯ ಬಸವಣ್ಣ ಅದೇ ಬೋಲ್ಟಿನಿಂದ ಗಟ್ಟಿಯಾಗಿ ಕೂತಿದ್ದ.

"ದೇವರು ಒಳಗ ಅದಾನ ಅಂತ ಊರಿಗೆಲ್ಲ ಹೇಳ್ತೀರಿ," ಎಂದಳು ಗುಲ್ಶನ್. "ಒಳಗಿದ್ದವಗ ಬೋಲ್ಟ್ ಯಾಕ ಬೇಕ್ರಿ?"

ಶರಣರು ದುರುಗುಟ್ಟಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಕೆ ಗಾಡಿಯ ಮೈಯ ಬಣ್ಣ ಕೆರೆದು, ವೈರನ್ನು ಅದೇ ಬೋಲ್ಟಿನಿಂದ ಅಲ್ಲಿಗೆ ಬಿಗಿದಳು. ಚೇಷ್ಟೆಯೆಲ್ಲ ನಿಂತು ಡೀಸೆಲ್ ಮುಳ್ಳು ನೆಟ್ಟಗೆ ಸೊನ್ನೆಗೆ ಬಿತ್ತು. ಟ್ಯಾಂಕಿನಲ್ಲಿ ನಿಜವಾಗಿಯೂ ಡೀಸೆಲ್ ಇರಲಿಲ್ಲ. ಚನ್ನು ಕ್ಯಾನು ಹಿಡಿದು ಓಡಿದ. ಶರಣರು ಆರಕ್ಕೆ ನಾಲವಾರದಲ್ಲಿದ್ದರು. ಅಮೀರ್ ಅಲಿ ಮಗಳಿಗೆ ಒಂದು ಶಹಬ್ಬಾಸ್ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ವಾರ ಬಿಟ್ಟು ಜೀಪು ಮತ್ತೆ ಬಂತು, ಹೆಡ್‌ಲೈಟಿನ ಬಲ್ಬ್ ಹೋಗಿತ್ತು. ಗುಲ್ಶನ್ ಟ್ರ್ಯಾಕ್ಟರಿನ ಅಡಿಯಲ್ಲಿದ್ದಳು.

"ಬರ್ರಿ, ಕುಂದ್ರಿ. ನಾ ನೋಡ್ತೀನಿ," ಎಂದರು ಅಮೀರ್ ಅಲಿ.

ಶರಣರು ಕೂರಲಿಲ್ಲ. "ಮಿಸ್ತ್ರಿ ಎಲ್ಲದಾರ?" ಎಂದು ಅವರನ್ನೇ ಕೇಳಿದರು.

ಈಗ ಕುರ್ಚಿ ಹಾರುತ್ತದೆ ಅಂದುಕೊಂಡೆ. ಅಮೀರ್ ಅಲಿ ನಿಧಾನಕ್ಕೆ ಎದ್ದು, ಮಬ್ಬುಗಣ್ಣನ್ನು ಟ್ರ್ಯಾಕ್ಟರಿನ ಕಡೆ ತಿರುಗಿಸಿ, ಕೋರ್ಟಿನ ಕಾಂಪೌಂಡಿಗೆಲ್ಲ ಕೇಳುವಂತೆ ಕೂಗಿದರು:

"ಮಿಸ್ತ್ರಿ! ಗಿರಾಕಿ ಬಂದಾರ ನೋಡು!"

ಟ್ರ್ಯಾಕ್ಟರಿನ ಅಡಿಯಲ್ಲಿ ನಟ್ಟು ಬಿಗಿಯುತ್ತಿದ್ದ ಪಾನಾದ ಸಪ್ಪಳ ನಿಂತಿತು. ಗುಲ್ಶನ್ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹೊರಗೆ ತೆವಳಿ ಬಂದಳು. ಅಷ್ಟರಲ್ಲಿ ನನ್ನ ಕಣ್ಣಿಗೂ ಪೊರೆ ಬಂದಂತಾಗಿತ್ತು.