ಮಾವನ ಟಾರ್ಚಿಗೆ ಹಾಕಿದ ಸೆಲ್ಲು

ಭದ್ರಾವತಿಯ ನನ್ನ ಸೋದರಮಾವನಿಗೆ ಬೆರಳುದ್ದದ ಟಾರ್ಚ್ ತಂದುಕೊಟ್ಟ ದಿನ ಅವನು ನಕ್ಕ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಆಸಾಮಿ. ಮೂರು ದಪ್ಪ ಸೆಲ್ಲಿನ, ಒನಕೆಯಂಥ ಸ್ಟೀಲ್ ಟಾರ್ಚ್ ಕೈಯಲ್ಲಿಲ್ಲದೆ ನೀರಿನ ಸಂಪಿನ ಮುಚ್ಚಳ ತೆಗೆದವನಲ್ಲ.

"ಇದೇನೇ ಮಾರಾಯ್ತಿ, ಟಾರ್ಚೋ ಲಿಪ್‌ಸ್ಟಿಕ್ಕೋ?" ಎಂದ.

"ಮೊದ್ಲು ಹಚ್ಚಿ ನೋಡು, ಆಮೇಲೆ ಮಾತಾಡು."

ಒಳಗಿದ್ದದ್ದು ಲಿಥಿಯಂ ಸೆಲ್. ಗಾತ್ರ ಮಾಮೂಲಿ ಪೆನ್ಸಿಲ್ ಸೆಲ್ಲಿನಷ್ಟೇ, ವೋಲ್ಟೇಜ್ ಅದರ ಎರಡು ಪಟ್ಟಿಗೂ ಹೆಚ್ಚು. ಆ ಟಾರ್ಚಿಗೆ ಎರಡೂ ಆಗುತ್ತದೆ, ಬೆಳಕು ಮಾತ್ರ ಬೇರೆ ಬೇರೆ. ಸಂಪಿನ ತಳದವರೆಗೂ ಬೆಳಕು ಚೆಲ್ಲಿತು. ನೀರೆಷ್ಟಿದೆ ಎಂದು ತಿಳಿಯಲು ಒಳಗೋಡೆಗೆ ಅವನೇ ಎಳೆದಿದ್ದ ಪೇಂಟಿನ ಗೆರೆಗಳೆಲ್ಲ ಕಂಡವು. ಮೆಚ್ಚಿಕೊಂಡನೇ? ಊಹೂಂ. "ನಿಂತಲ್ಲಿಂದಾನೇ ಕೊನೇ ಗೆರೆ ಓದ್ತೀನಿ. ಟಾರ್ಚಿಂದೇನಿಲ್ಲ, ಎಲ್ಲಾ ಕಣ್ಣಿಂದು! ಈ ವಯಸ್ಸಲ್ಲೂ ಕನ್ನಡಕ ಇಲ್ಲ ನೋಡ್ರಿ" ಎಂದು ಬೀದಿಗೆಲ್ಲ ಕೊಚ್ಚಿಕೊಂಡ.

ಇರಲಿ, ಬುದ್ಧಿ ಕಲಿಸುತ್ತೇನೆ ಎಂದುಕೊಂಡೆ. ಮುಂದಿನ ಭಾನುವಾರ ಅತ್ತೆಯನ್ನು ಒಳಗೆ ಹಾಕಿಕೊಂಡು ಲಿಥಿಯಂ ಸೆಲ್ ತೆಗೆದು ಅವಳ ಕೈಗಿಟ್ಟೆ. ಅದರ ಜಾಗಕ್ಕೆ ಗೋಡೆ ಗಡಿಯಾರದಲ್ಲಿ ಕೊನೆಯುಸಿರೆಳೆಯುತ್ತಿದ್ದ ಪೆನ್ಸಿಲ್ ಸೆಲ್ ಹಾಕಿದೆ. ಒಂದು ವಾರ ತಡಕಾಡಲಿ, ಆಮೇಲೆ ಹೇಳಿ ನಗೋಣ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಗುರುವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ, ಆಲ್ಕೊಳದ ನನ್ನ ಮನೆ ಬಾಗಿಲಲ್ಲಿ ಮಾವ ನಿಂತಿದ್ದ. ಬರುತ್ತೇನೆಂದು ಫೋನೂ ಮಾಡಿರಲಿಲ್ಲ.

"ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗೇ. ಸಂಪಿನ ಗೆರೆ ಕಾಣ್ತಿಲ್ಲ."

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವಾಗ ಹೇಳಿಬಿಡಲು ನಾಲ್ಕು ಸಲ ಬಾಯಿ ತೆರೆದೆ, ನಾಲ್ಕು ಸಲವೂ ಮುಚ್ಚಿದೆ. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಒಂದು ಮಾತು ಹೇಳಲಿ, ಅಲ್ಲೇ ಕಾಲಿಗೆ ಬಿದ್ದು ಒಪ್ಪಿಕೊಳ್ಳುತ್ತೇನೆ ಎಂದುಕೊಂಡೆ.

ಡಾಕ್ಟರು ಆ ಮಾತು ಹೇಳಲಿಲ್ಲ. ಬಲಗಣ್ಣಿನಲ್ಲಿ ಪೊರೆ ಬಲಿತಿದೆ, ಆಪರೇಷನ್ ಮಾಡಬೇಕು ಎಂದರು.

ಹೊರಗೆ ಬಂದವಳೇ ಸೆಲ್ ಬದಲಾಯಿಸಿದ ಕಥೆಯನ್ನೆಲ್ಲ ಕಕ್ಕಿಬಿಟ್ಟೆ.

"ಗೊತ್ತು" ಎಂದ ಮಾವ. "ಸೋಮವಾರಾನೇ ಬಿಚ್ಚಿ ಮೀಟರ್ ಹಿಡಿದೆ. ಕರೆಂಟ್ ಜೊತೆ ಸಂಸಾರ ಮಾಡ್ದೋನ ಹತ್ರ ಆಟಾನಾ? ಒಂದು ಗದರಿದ್ದಕ್ಕೆ ನಿಮ್ಮತ್ತೆ ಸೆಲ್ ತಂದು ಕೊಟ್ಳು. ನಿಂಗೆ ಹೇಳ್ಬೇಡ ಅಂದಿದ್ದೆ. ಹಾಕಿ ನೋಡ್ದೆ."

"ಕಾಣ್ತಲ್ವಾ?"

"ಕಾಣ್ತು. ಆದ್ರೂ ಯಾಕೋ ಅನುಮಾನ ಬಂದು ಒಂದೊಂದೇ ಕಣ್ಣು ಮುಚ್ಚಿ ನೋಡ್ದೆ. ಬಲಗಣ್ಣಿಗೆ ಬರೀ ಮಂಜು. ಮೂರು ದಿನದಿಂದ ಊಟ ಸೇರ್ತಿಲ್ಲ ಕಣೇ, ಹೆದ್ರಿಕೆ ಆಗೋಗಿದೆ."

"ಮನೇಲಿ ಹೇಳೋದಲ್ವಾ ಮಾವ?"

"ಬೀದಿಗೆಲ್ಲ ಕೊಚ್ಚಿಕೊಂಡು ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನಾದ್ರೆ ತಪ್ಪು ಮಾಡಿರೋಳು. ಬಾಯ್ಮುಚ್ಕೊಂಡು ಕರ್ಕೊಂಡ್ ಹೋಗ್ತೀಯ ಅಂತ ಬಂದೆ."

ನನಗೆ ನಗುವೂ ಬಂತು, ಅಳುವೂ ಬಂತು. ಸ್ಕೂಟರ್ ಸ್ಟಾರ್ಟ್ ಮಾಡುವುದು ಬಿಟ್ಟು ಅವನ ಕೈ ಹಿಡಿದುಕೊಂಡು ನಿಂತೆ.