ಸೋತ ದಿನದ ಒಬ್ಬಟ್ಟು

ಕರಟದ ಉರಿಯ ಮೇಲೆ ಕಾಯೊಬ್ಬಟ್ಟು ಬೇಯುವ ವಾಸನೆ ಎಲ್ಲಿಂದ ತೇಲಿ ಬಂದರೂ ನನಗೆ ಅಜ್ಜಿ ಎಲೆಕ್ಷನ್ನಿನಲ್ಲಿ ಸೋತ ಸಂಜೆ ನೆನಪಾಗುತ್ತದೆ. ಹಾಲ್ಕುರಿಕೆ ಪಕ್ಕದ ನಮ್ಮೂರಿನ ಆ ಮನೆಯಲ್ಲಿ ಅಟ್ಟದ ತುಂಬ ಕೊಬ್ಬರಿಗೆಂದು ಕೂಡಿಟ್ಟ ಕಾಯಿ, ಅದರ ಕೆಳಗೆ ನಾವು. ಮೇಲೆ ಇಲಿ ಓಡಿದರೂ ಒಣಗಿದ ಕಾಯಿಗಳು ಗುಡುಗುಡು ಎನ್ನುತ್ತಿದ್ದವು. ಮಂಡಲ ಪಂಚಾಯಿತಿ ಬಂದು ಹೆಂಗಸರಿಗೂ ಸೀಟು ಎಂದಾಗ ಅಜ್ಜಿ ನಿಂತದ್ದು ಒಂದೇ ಕಾರಣಕ್ಕೆ. ನಮ್ಮ ಬೀದಿಯ ಸೇದೋ ಬಾವಿಗೆ ಕಟ್ಟೆಯಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಕರುವೊಂದು ಜಾರಿ ಬಿದ್ದು ಸತ್ತಿತ್ತು. "ಕೂಸು ಬೀಳೋಗಂಟ ಕಾಯ್ಬೇಕಾ?" ಎನ್ನುತ್ತ ಮನೆಮನೆ ತಿರುಗಿದಳು. ಎದುರಿಗೆ ನಿಂತವಳು ಮೇಗಲ ಬೀದಿಯ ಗೌರಮ್ಮ, ಅಜ್ಜಿಯನ್ನು ಅಕ್ಕ ಎಂದೇ ಕರೆಯುತ್ತಿದ್ದವಳು. ನಮ್ಮ ಚಿಕ್ಕಮ್ಮನಿಗೆ ಗೆಲುವಿನ ಮೇಲೆ ಎಂಥ ನಂಬಿಕೆಯೆಂದರೆ, ಎಣಿಕೆ ಮುಗಿಯುವ ಮೊದಲೇ ಹೂರಣ ರುಬ್ಬಿ ಇಟ್ಟಿದ್ದಳು.

ಅಜ್ಜಿ ಒಂದು ಓಟಿನಿಂದ ಸೋತಳು. ಚಿಕ್ಕಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನೈತಿಕವಾಗಿ ಗೆದ್ದೋರು ನಾವೇ ಕಣವ್ವ" ಎಂದ. ತಿಪಟೂರಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದು ನಾಲಗೆ ಉದ್ದವಾಗಿದ್ದ ನಾನು ಬಿಡುತ್ತೇನೆಯೇ? ಅದು ಕಪ್ಪು ಸಿಗದವರು ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿಕೊಳ್ಳುವ ಮಾತು ಎಂದೆ. ಅಜ್ಜಿ ಮಾತ್ರ ಚಿಕ್ಕಪ್ಪನನ್ನು ಸೀದಾ ಕೇಳಿದಳು: "ಅದ್ರಿಂದ ಬಾವಿಗೆ ಕಟ್ಟೆ ಬತ್ತದೇನ್ಲಾ?" "ಇಲ್ಲ." "ಹಂಗಾರೆ ಬ್ಯಾಡ ಬುಡು." ಆಮೇಲೆ ಎಲೆಯಡಿಕೆ ಮಡಿಸುತ್ತ, ಏನೂ ಆಗಿಲ್ಲವೆಂಬಂತೆ, "ನಾನೂ ಗೌರಿಗೇ ಹಾಕ್ದೆ" ಎಂದಳು.

ಆ ಓಟು ತನಗೇ ಹಾಕಿಕೊಂಡಿದ್ದರೆ ಅವಳೇ ಗೆದ್ದಿರುತ್ತಿದ್ದಳು! ಇದು ಧರ್ಮವಲ್ಲ, ಕೂಡಿ ಕಳೆಯುವುದು ಬಾರದ ತಪ್ಪು ಎಂದು ನಾನು ಹಾರಾಡಿದೆ. "ಎಲೆ ಮುಂದೆ ನಾಕು ಜನ ಕೂತಿರುವಾಗ ಮೊದ್ಲು ನನ್ನೆಲೆಗೇ ಬಡಿಸ್ಕಳಾಕಾಯ್ತದೇನೇ?" ಎಂದು ಅಜ್ಜಿ ನಕ್ಕು, ಬೆಂದಿದ್ದ ಒಬ್ಬಟ್ಟನ್ನು ಬುಟ್ಟಿಗೆ ತುಂಬಿಸಿ, ನಮ್ಮನ್ನೂ ಎಳೆದುಕೊಂಡು ಗೌರಮ್ಮನ ಮನೆಗೆ ಹೊರಟಳು.

ಅಲ್ಲಿ ಹೊಸ್ತಿಲು ದಾಟುವ ಮೊದಲೇ ಶುರು. "ಗೌರಿ, ಬಾವಿ ಕಟ್ಟೆ ಯಾವಾಗ?"

"ಅಯ್ಯೋ ಅಕ್ಕ, ನಾನಿನ್ನೂ ಹಾರಾನೇ ತೆಗ್ದಿಲ್ಲ!"

"ತೆಗೀಬ್ಯಾಡ. ನಿಂಗೆ ಓಟು ಹಾಕಿರೋಳು ಕಣೇ ನಾನು, ಕೇಳ್ದೆ ಬುಡ್ತೀನಾ?"

ಗೌರಮ್ಮ ತಮಾಷೆಯೆಂದುಕೊಂಡು ನಗುತ್ತಿದ್ದವಳು ಚಿಕ್ಕಪ್ಪನ ಹುಳ್ಳಗಿನ ಮುಖ ನೋಡಿ ತಟ್ಟನೆ ನಿಲ್ಲಿಸಿದಳು. ಹಾರ ಮೆಲ್ಲಗೆ ಕೊರಳಿಂದ ಕೆಳಗಿಳಿಯಿತು. "ನಾನು ನಂಗೇ ಹಾಕ್ಕಂಡ್ನಲ್ಲಕ್ಕ" ಎಂದಳು, ಸಣ್ಣ ದನಿಯಲ್ಲಿ. "ಒಳ್ಳೇದೇ ಆಯ್ತು, ತಿನ್ನು" ಎಂದು ಅಜ್ಜಿ ಒಬ್ಬಟ್ಟು ಮುರಿದು ಅವಳ ಬಾಯಿಗಿಟ್ಟಳು.

ಮಳೆಗೆ ಮುಂಚೆಯೇ ಕಟ್ಟೆ ಎದ್ದಿತು. ಕಲ್ಲಿನ ಮೇಲೆ ಕೆತ್ತಿದ್ದು ಗೌರಮ್ಮನ ಹೆಸರು. ಅಜ್ಜಿ ಸಂಜೆಯಾದರೆ ಸರಿಯಾಗಿ ಆ ಹೆಸರಿನ ಪಕ್ಕದಲ್ಲೇ ಕೂತು, ಬಗ್ಗಿ ನೋಡುವ ಮಕ್ಕಳನ್ನು ಗದರುತ್ತಿದ್ದಳು. ಈಗ ಆ ಮನೆಯಿಲ್ಲ, ಅಟ್ಟವಿಲ್ಲ, ಬಾವಿಯಲ್ಲಿ ನೀರೂ ಇಲ್ಲ. ಕಟ್ಟೆಯಿದೆ, ಅವಳು ಕೂರುತ್ತಿದ್ದ ಕಡೆ ಕಲ್ಲು ನುಣ್ಣಗಾಗಿದೆ. ನೈತಿಕ ಗೆಲುವು ಎಂಬುದುಂಟೇ ಎಂದು ಚರ್ಚೆಗೆ ಕರೆದರೆ ನಾನು ಇವತ್ತೂ ಇಲ್ಲವೆಂಬ ಕಡೆಯೇ ನಿಲ್ಲುತ್ತೇನೆ. ಎದುರು ಕಡೆ ಎಲೆಯಡಿಕೆ ಮಡಿಸುತ್ತ ಕೂರಲು ಅವಳಿರಬೇಕಿತ್ತು, ಅಷ್ಟೆ.