ಆಟ ನಿಲ್ಲಿಸುತ್ತಿದ್ದ ಕ್ಯಾಪ್ಟನ್

ಹೋದ ವಾರದ ಮಳೆಗೆ ಹೊಸ್ತಿಲ ಮುಂದಿನ ಕಾಲೊರಸು ನೆನೆದಿತ್ತು. ಬಿಸಿಲಿಗೆ ಹಾಕಿದೊಡನೆ ಆ ವಾಸನೆ ಎದ್ದಿತು. ಒದ್ದೆ ತೆಂಗಿನ ನಾರು, ಕೆಂಪು ಮಣ್ಣು... ಅದು ಅಂಗಡಿಯಿಂದ ತಂದ ಕಾಲೊರಸಲ್ಲ, ನಮ್ಮ ಮೈದಾನದ ಹಳೆಯ ಕ್ರಿಕೆಟ್ ಮ್ಯಾಟಿನ ತುಂಡು. ಹೊಸ ಪಿಚ್ ಮಾಡಿಸಿದಾಗ ಮ್ಯಾಟನ್ನು ಚರಂಡಿ ಪಕ್ಕ ಎಸೆದಿದ್ದರು. ನಾನು ಒಂದು ತುಂಡು ಕತ್ತರಿಸಿ ತಂದಿದ್ದೆ. ಹಳಿಯಾಳದ ಮೊದಲ ತಂಡವನ್ನು ಆ ಮ್ಯಾಟಿನ ಮೇಲೆ ಆಡಿಸಿದ ಕ್ಯಾಪ್ಟನ್ ನಮ್ಮ ಓಣಿಯ ವಕೀಲ ಕಾಕಾ. ಅವರ ನೆನಪಿಗೆ ಕಣ್ಣು ತುಂಬಬೇಕಿತ್ತು. ಸಿಟ್ಟು ಬಂತು.

ವಾರವೆಲ್ಲ ಅವರು ಸೈಕಲ್ಲಿನ ಹ್ಯಾಂಡಲಿಗೆ ಕರಿ ಕೋಟು ಸಿಕ್ಕಿಸಿಕೊಂಡು ಕೋರ್ಟಿಗೆ ಹೋಗುತ್ತಿದ್ದರು. ರವಿವಾರ ಬಿಳಿ ಪ್ಯಾಂಟು ತೊಟ್ಟು, ಮ್ಯಾಟಿನ ಸುರುಳಿಗೆ ತಾವೂ ಹೆಗಲು ಕೊಡುತ್ತಿದ್ದರು. ಹಾಸಿ, ಬಿಗಿದು, ಮೊಳೆ ಹೊಡೆದ ಮೇಲೆ ಮೊಣಕಾಲೂರಿ ಅಂಗೈ ಆಡಿಸಿ ನೋಡುವರು. ಎಲ್ಲಾದರೂ ಸುಕ್ಕು ಉಳಿದರೆ ಚೆಂಡು ಮುಖಕ್ಕೇ ಏಳುತ್ತದಂತೆ. ದಾಂಡೇಲಿಯವರೋ ಮುಂಡಗೋಡದವರೋ ಆಡಲು ಬಂದ ದಿನ ಅವರ ಮನೆಯಿಂದ ರೊಟ್ಟಿ, ಝುಣಕ ಬುಟ್ಟಿಗಟ್ಟಲೆ ಬರುತ್ತಿತ್ತು.

ಮೈದಾನದ ಈಚೆಗೆ ನಮ್ಮ ಓಣಿ. ಆಚೆಗೆ ಸರಕಾರಿ ದವಾಖಾನೆ, ಅದನ್ನು ದಾಟಿದರೆ ಅಡವಿಯ ದಾರಿ. ನಡುವೆ, ಆಟದ ಜಾಗವನ್ನೇ ಸೀಳಿಕೊಂಡು ಒಂದು ಕಾಲುಹಾದಿ. ನನ್ನ ಅವ್ವ ಮತ್ತು ಎದುರುಮನೆಯ ಖಾಲಾ ಕಟ್ಟಿಗೆ ಹೊರೆ ಹೊತ್ತು ಅದರಲ್ಲೇ ಮನೆಗೆ ಬರುತ್ತಿದ್ದರು. ಅವರು ಕಂಡರೆ ಸಾಕು, ಕಾಕಾ ಕೈ ಎತ್ತುತ್ತಿದ್ದರು. ಬೌಲರ್ ಅರ್ಧ ದೂರ ಓಡಿ ಬಂದಿದ್ದರೂ ಆಟ ನಿಲ್ಲಬೇಕು.

ಒಮ್ಮೆ ದಾಂಡೇಲಿಯ ಕ್ಯಾಪ್ಟನ್ ರೇಗಿದ. "ಏನ್ರಿ ವಕೀಲರ, ಇದು ಮ್ಯಾಚೋ, ದನದ ಸಂತಿಯೋ?"

"ಅವರ ಹಾದಿ ನಮ್ಮ ಮ್ಯಾಟಿಗಿಂತ ಹಳೇದು. ನಿಂದರ್ರಿ ಸ್ವಲ್ಪ," ಎಂದರು ಕಾಕಾ, ಬ್ಯಾಟಿನ ಮೇಲೆ ಭಾರ ಹಾಕಿ ನಿಂತು.

ಹೊರೆಯ ಕೆಳಗಿನಿಂದ ಖಾಲಾ ಕೇಳಿದಳು: "ಎಷ್ಟ ಹೊಡದ್ರಿ ವಕೀಲ್ ಸಾಬ್? ಇವತ್ತೂ ಅಂಡಾ ಏನು?"

"ನಿನ್ನ ಹೊರಿ ಬಂತಂತ ಬಚಾವಾದೆ ತಂಗಿ. ಇಲ್ಲಾಂದ್ರ ಈ ಚೆಂಡಿಗೇ ಹೋಗ್ತಿದ್ದೆ!"

ಮೈದಾನವೆಲ್ಲ ನಕ್ಕಿತು. ರೇಗಿದವನೂ ನಕ್ಕ.

ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ. ಫೈನಲ್ ಇತ್ತು. ಶಾಮಿಯಾನ ಹಾಕಿ ಸಾಹೇಬರನ್ನೆಲ್ಲ ಕೂರಿಸಿದ್ದರು. ಅವ್ವ ಅದನ್ನು ನೋಡಿ ಹೊರೆ ಹೊತ್ತು ದೊಡ್ಡ ರಸ್ತೆ ಬಳಸಿಕೊಂಡು ಬಂದಳು. ಆಟ ಮುಗಿಯುತ್ತಲೇ ಕಾಕಾ ಬಿಳಿ ಬಟ್ಟೆಯಲ್ಲೇ ನಮ್ಮ ಬಾಗಿಲಿಗೆ ಬಂದರು. ಗೆದ್ದಿದ್ದರು, ಆದರೆ ಮುಖದಲ್ಲಿ ಗೆಲುವಿರಲಿಲ್ಲ.

"ಯಾಕ ಬಳಸಿ ಹೋದಿ?"

"ದೊಡ್ಡ ಮಂದಿ ಕುಂತಿದ್ರಲ್ರೀ ಯಪ್ಪಾ..."

"ಇವತ್ತ ನೀ ಬಿಟ್ಟರ, ನಾಳೆ ಅವರು ಗೋಡೆ ಕಟ್ಟತಾರ. ಆ ಹಾದಿಗೆ ಕಾಗದ ಇಲ್ಲವ್ವಾ. ನೀವು ನಡದದ್ದ ಕಾಗದ. ನಡಿಯೂದು ಬಿಡಬ್ಯಾಡ್ರಿ."

ಅವ್ವ ಚಹಾ ಕೊಟ್ಟಳು. ಕುಡಿದು ಹೋದರು. ಅವ್ವ ಮತ್ತೆಂದೂ ಬಳಸಿ ಬರಲಿಲ್ಲ.

ಕಾಕಾ ತೀರಿಕೊಂಡರು. ಕೆಲವು ವರ್ಷಕ್ಕೆ ಅವ್ವನೂ. ಮನೆಗೆ ಗ್ಯಾಸ್ ಬಂತು, ಹೊರೆ ಹೋಯಿತು. ದವಾಖಾನೆ ಮಾತ್ರ ಅಲ್ಲೇ ಇತ್ತಲ್ಲ, ನಾವು ನಡೆಯುತ್ತಲೇ ಇದ್ದೆವು. ಖಾಲಾ ಬಿಪಿ ಗುಳಿಗೆಗೆಂದು ಕೋಲೂರಿಕೊಂಡು ಹೋಗುತ್ತಿದ್ದದ್ದೂ ಅದೇ ಹಾದಿಯಲ್ಲಿ. ಈಗೊಂದು ವರ್ಷದ ಹಿಂದೆ ಮೈದಾನದ ಸಮಿತಿಯವರು ಸುತ್ತ ಗೋಡೆ ಎತ್ತಿದರು. ನಮ್ಮ ಬದಿಗೆ ಒಂದು ಕಿಂಡಿಯೂ ಇಲ್ಲ. ಇರುವ ಒಂದೇ ಗೇಟು ದೊಡ್ಡ ರಸ್ತೆಗೆ.

ಅಧ್ಯಕ್ಷನ ಮನೆಗೆ ಹೋದೆ. ಅವನ ಅಪ್ಪ ಕಾಕಾನ ತಂಡದಲ್ಲೇ ಆಡಿದವನು. ನಾನು ಹೇಳಿದ್ದನ್ನೆಲ್ಲ ಅವನು ಮೊಬೈಲ್ ನೋಡುತ್ತ ಕೇಳಿಸಿಕೊಂಡ.

"ಹಾದಿಗೆ ಕಾಗದ ಐತೇನ್ರಿ ಅಕ್ಕಾರ?"

"ಇಲ್ಲಪಾ. ಹುಟ್ಟಿದಾಗಿಂದ ನಡದೇವಿ."

"ಹಂಗಂದ್ರ ನಡೀತದೇನ್ರಿ? ಗೇಟಿನ ಮ್ಯಾಲೆ ವಕೀಲ್ ಕಾಕಾಂದ ಹೆಸರು ಇಡಾಕತ್ತೇವಿ. ಇನ್ನೇನ ಬೇಕ್ರಿ ನಿಮಗ?"

ಎದ್ದು ಹೊರಗೆ ಬಂದೆ. ಅವನ ಮೇಲೆ ಮಾತ್ರವಲ್ಲ, ಆ ದಿನ ನನಗೆ ಕಾಕಾನ ಮೇಲೂ ಸಿಟ್ಟು ಬಂದಿತ್ತು, ಇಂದಿಗೂ ಇದೆ. ಊರವರ ಹೊಲಕ್ಕೆ, ಹಿತ್ತಲಿಗೆ, ಬಾವಿಗೆ ಕಾಗದ ಮಾಡಿಸಿಕೊಟ್ಟ ವಕೀಲರು ಇದೊಂದು ಹಾದಿಗೆ ಯಾಕೆ ಮಾಡಿಸಲಿಲ್ಲ? ತಾವು ಕೈ ಎತ್ತಿದರೆ ಆಟ ನಿಲ್ಲುತ್ತದೆ, ಅಷ್ಟು ಸಾಕು ಎಂದುಕೊಂಡರೇ? ಆ ಕೈ ಯಾವಾಗಲೂ ಅಲ್ಲೇ ಇರುತ್ತದೆ ಎಂದುಕೊಂಡರೇ?

ಗೇಟಿನ ಉದ್ಘಾಟನೆಗೆ ನನ್ನನ್ನೂ ಕರೆದರು. ಕಾಕಾನನ್ನು ಹತ್ತಿರದಿಂದ ಕಂಡವರು ನೀವು, ನಾಲ್ಕು ಮಾತಾಡಿ ಎಂದರು. ಮೈಕಿನ ಮುಂದೆ ನಿಂತು ಹೊರೆ, ಎತ್ತಿದ ಕೈ, ಫೈನಲಿನ ಸಂಜೆ, ಎಲ್ಲವನ್ನೂ ಹೇಳಿದೆ. ಗೋಡೆಯ ಕಡೆ ಬೆರಳು ತೋರಿಸಿಯೇ ಹೇಳಿದೆ. ಜೋರು ಚಪ್ಪಾಳೆ ಬಿತ್ತು. "ಭಾಳ ಛಲೋ ಮಾತಾಡಿದ್ರಿ ಅಕ್ಕಾರ," ಎಂದು ಅಧ್ಯಕ್ಷ ಶಾಲು ಹೊದಿಸಿದ. ಬೈದರೂ ಇಷ್ಟು ಉರಿಯುತ್ತಿರಲಿಲ್ಲ.

ಗೋಡೆಯ ಮೇಲಿಂದ ನನ್ನ ಮನೆಯ ಹಂಚು ಕಾಣುತ್ತಿತ್ತು. ಆ ಶಾಲು ಹೊದ್ದು, ದೊಡ್ಡ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಗೆ ಸರಿಯುತ್ತ, ಊರು ಬಳಸಿ ಮನೆ ಸೇರಿದೆ.

ಕಟ್ಟೆಯ ಮೇಲೆ ಖಾಲಾ ಮೊಣಕಾಲು ಒತ್ತಿಕೊಳ್ಳುತ್ತ ಕುಳಿತಿದ್ದಳು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಶಾಲು ಛಲೋ ಐತಿ," ಎಂದಳು. "ಹಾದಿ?"

ಈಗ ಅವಳ ಗುಳಿಗೆ ನಾನೇ ತಂದುಕೊಡುತ್ತೇನೆ. ಬಿಪಿ ನೋಡಿಸಿಕೊಳ್ಳಲು ಮಾತ್ರ ಅವಳು ಹೋಗುವುದನ್ನೇ ಬಿಟ್ಟಿದ್ದಾಳೆ.

ಇಂದು ಬೆಳಿಗ್ಗೆ ಆ ಕಾಲೊರಸನ್ನು ಕೊಡವಿ ಹೊಸ್ತಿಲಿಗೆ ಹಾಕಿ, ಕೈಚೀಲ ಹಿಡಿದು ಹೊರಟೆ. ದಿನವೂ ಮೊದಲು ನೆಟ್ಟಗೆ ಗೋಡೆಯವರೆಗೆ ಹೋಗುತ್ತೇನೆ, ಆಮೇಲೆ ತಿರುಗಿ ದೊಡ್ಡ ರಸ್ತೆ ಹಿಡಿಯುತ್ತೇನೆ. ನಮ್ಮ ಬದಿಗೆ ಉಳಿದಿರುವ ಅಷ್ಟು ಹಾದಿಯಲ್ಲಿ ಹುಲ್ಲು ಬೆಳೆಯಲು ನಾನಂತೂ ಬಿಡುವುದಿಲ್ಲ.

ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಆಚೆ ಹುಡುಗರು ಆಡುತ್ತಿದ್ದರು. ಬ್ಯಾಟಿಗೆ ಚೆಂಡು ಬೀಳುವ ಸದ್ದು, ಕೂಗು, ಮತ್ತೆ ಸದ್ದು... ಒಮ್ಮೆಯೂ ನಿಲ್ಲಲಿಲ್ಲ.